ಪದ್ಮಕ್ಕನ ಪಶ್ಚಿಮ ದಿಕ್ಕು

ಇವತ್ತು ಬೆಳಿಗ್ಗೆ ಬಲ್ಬು ಹುಡುಕುತ್ತ ಅಡುಗೆಮನೆಯ ಮೇಲಿನ ಗೂಡಿಗೆ ಕೈ ಹಾಕಿದಾಗ ಒಂದು ಬಿಳಿಯ ಪ್ಲಗ್ಗು ಸಿಕ್ಕಿತು. ಮೂರು ಚಪ್ಪಟೆ ಕಾಲುಗಳ ದಪ್ಪನೆಯ ವಸ್ತು. ಅದು ನಮ್ಮ ಮನೆಯ ಯಾವ ಗೋಡೆಗೂ ಹೊಂದುವುದಿಲ್ಲ. ಬೆಳಗಾವಿಯ ಈ ಮಹಾಂತೇಶ ನಗರದ ಯಾರ ಮನೆಯ ಗೋಡೆಗೂ ಹೊಂದಲಿಕ್ಕಿಲ್ಲ. ಲಂಡನ್ನಿನ ಗೋಡೆಗಳಿಗಾಗಿ ಮಾಡಿದ್ದು ಅದು. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಯಾರೂ ಬಿಚ್ಚಿಲ್ಲ. ಸ್ಟೂಲಿನ ಮೇಲೆ ಹಾಗೆಯೇ ನಿಂತೆ. ಕೆಳಗಿನಿಂದ ನಮ್ಮ ಮನೆಯವರು "ಸಿಕ್ತೇನ?" ಎಂದು ಕೇಳಿದರು. "ಇಲ್ಲ" ಎಂದು ಹೇಳಿ, ಪ್ಲಗ್ಗನ್ನು ಇದ್ದಲ್ಲೇ ಇಟ್ಟು ಇಳಿದೆ.

ಲಂಡನ್ನಿಗೆ ನಾವು ಹೋಗಲಿಲ್ಲ. ನೀವು ಕಾಯುವುದು ಬೇಡವೆಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಊರಲ್ಲಿ ನಾಲ್ಕು ದಿನ ಏನೇನು ನೋಡಬೇಕು, ಯಾವುದರ ಹಿಂದೆ ಯಾವುದು ಎಂಬುದು ನನಗೆ ಇವತ್ತಿಗೂ ಬಾಯಿಪಾಠ. ನಾನು ಇದೇ ಊರಿನ ಶಹಾಪುರದಲ್ಲಿ ಹುಟ್ಟಿ ಬೆಳೆದವಳು. ಆದರೂ ಅಲ್ಲಿಯ ಓಣಿಗಳಲ್ಲಿ ಈಗಲೂ ದಾರಿ ತಪ್ಪುತ್ತೇನೆ. ಮಗ್ಗದ ಸದ್ದು ಎಡಕ್ಕೆ ಕೇಳಬೇಕಾದದ್ದು ಬಲಕ್ಕೆ ಕೇಳಿದರೆ ಮುಗಿಯಿತು. ಅಂಥವಳನ್ನು ಥೇಮ್ಸ್ ನದಿಯ ಯಾವ ದಂಡೆಯಲ್ಲಿ ಗಡಿಯಾರದ ಗೋಪುರವಿದೆ ಎಂದು ಕೇಳಿ, ಹೇಳುತ್ತೇನೆ. ಕಲಿಸಿದವಳು ನನ್ನ ಅಕ್ಕ.

ಪದ್ಮಕ್ಕ ಖಾನಾಪುರದ ಒಂದು ಹೈಸ್ಕೂಲಿನಲ್ಲಿ ನಿವೃತ್ತಳಾಗುವ ತನಕ ಭೂಗೋಳ ಕಲಿಸಿದಳು. ನಕಾಶೆ ನೋಡದೆ ಹಲಗೆಯ ಮೇಲೆ ಖಂಡಗಳನ್ನು ಬರೆಯುತ್ತಿದ್ದಳು. ಆಫ್ರಿಕಾವನ್ನಂತೂ ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ. ಆಮೇಲೆ ಮೇಲಿನಿಂದ ಕೆಳಗೆ ಒಂದು ನೇರ ಗೀಟು ಎಳೆದು "ಇದು ಸೊನ್ನೆ" ಎನ್ನುತ್ತಿದ್ದಳು. ಲಂಡನ್ನಿನ ಗ್ರೀನ್‌ವಿಚ್ ಎಂಬಲ್ಲಿ ಹಾದುಹೋಗುವ, ಭೂಮಿಯ ಪೂರ್ವ ಪಶ್ಚಿಮಗಳನ್ನು ಬೇರೆ ಮಾಡುವ ಗೀಟು ಅದು.

"ಇಷ್ಟ ವರ್ಷ ಎಳದೇನಿ ಆ ಗೀಟು," ಎಂದು ಒಮ್ಮೆ ಹೇಳಿದಳು. "ಒಬ್ಬ ಹುಡುಗನೂ ಕೇಳಲಿಲ್ಲ ನೋಡು, ಟೀಚರ್ ನೀವು ಕಣ್ಣೀಲೆ ನೋಡೀರೇನ್ರಿ ಅಂತ. ಕೇಳಿದ್ರ ನಾ ಏನ ಹೇಳತಿದ್ದೆ?"

ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತಿದ್ದೆವು. ಅವರು ತೀರಿಕೊಂಡ ಮರುವರ್ಷ ಅಕ್ಕ ಒಲೆಯ ಮೇಲಿನ ಹಾಲು ಮರೆಯತೊಡಗಿದಳು. ಹಾಲನ್ನು ಯಾರು ಮರೆಯುವುದಿಲ್ಲ? ದುಃಖದ ಲೆಕ್ಕಕ್ಕೆ ಹಚ್ಚಿದೆವು. ಆಮೇಲೆ ಸೊಸೆ ಭಾರತಿಯನ್ನು ನನ್ನ ಹೆಸರಿನಿಂದ ಕರೆದಳು. ಅದೂ ಸಹಜವೇ. ಆದರೆ ಒಂದು ದಿನ ಬಸದಿಯಿಂದ ಮನೆಗೆ ಬರುವ ದಾರಿಯಲ್ಲಿ, ದಿನಾ ನಡೆಯುವ ದಾರಿಯಲ್ಲಿ, ನಿಂತುಬಿಟ್ಟಳು. ಬೆಳಗಾವಿಯ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಇದು ನೆನಪಿನ ಕಾಯಿಲೆ, ಈಗ ಶುರುವಾಗಿದೆ, ನಿಧಾನವಾಗಿ ಮುಂದುವರಿಯುತ್ತದೆ ಎಂದರು. ಅವರಿಗೆ ಏನಾದರೂ ಆಸೆಗಳಿದ್ದರೆ ತಡ ಮಾಡಬೇಡಿ ಎಂದೂ ಹೇಳಿದರು. ಅಕ್ಕ ಅಲ್ಲೇ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

ಆಟೋ ಹತ್ತಿದೆವು. ಅವಳೇ ಹೇಳಿದಳು: "ಕೇಳಿದೆಲ್ಲಾ, ತಡಾ ಮಾಡಬ್ಯಾಡ್ರಿ ಅಂದಾರ. ಮರಿಯೂದ್ರಾಗ ಆ ಗೀಟಿನ ಮ್ಯಾಲ ಒಂದ್ಸಲ ನಿಂತ ಬರೂಣು."

ಹೀಗೆ ಪ್ರವಾಸದ ತಯಾರಿ ಶುರುವಾಯಿತು. ನಮ್ಮ ಮನೆಯವರು ಟಿಕೀಟು, ಹೋಟೆಲು ನೋಡಿಕೊಳ್ಳುವುದು. ಏನು ನೋಡಬೇಕೆಂಬುದು ಅಕ್ಕನ ಪಾಲು. ನನ್ನ ಪಾಲಿಗೆ ಕೇಳಿಸಿಕೊಳ್ಳುವ ಕೆಲಸ. ರವಿವಾರ ಬಂತೆಂದರೆ ರೈಲು ಹತ್ತಿ ಖಾನಾಪುರಕ್ಕೆ ಹೋಗುತ್ತಿದ್ದೆ. ಒಮ್ಮೆ ನಿದ್ದೆಹೋಗಿ ಲೋಂಡಾದಲ್ಲಿ ಎಚ್ಚರಾಯಿತು. ಸುತ್ತ ಕಾಡು, ಪ್ಲಾಟ್‌ಫಾರ್ಮಿನ ಮೇಲೆ ಮಂಗಗಳು. ತಿರುಗಿ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಅಕ್ಕ ನಗಲಿಲ್ಲ. "ಲೋಂಡಾಕ್ಕ ಹೋಗಿ ಕಳಕೊಂಡ್ಯಲ್ಲ, ಲಂಡನ್ದಾಗ ನಿನ್ನ ಎಲ್ಲಿ ಹುಡುಕ್ಲಿ?" ಎಂದಳು. ಹುಡುಕುವವಳು ತಾನೇ ಎಂಬ ಬಗ್ಗೆ ಅವಳಿಗೆ ಸಂಶಯವಿರಲಿಲ್ಲ.

ಅಕ್ಕ ಪ್ರವಾಸವನ್ನು ಶಾಲೆಯ ಪಾಠದ ಹಾಗೆಯೇ ಯೋಜಿಸಿದಳು. ದಿನವನ್ನು ಪಿರಿಯಡ್ಡುಗಳಾಗಿ ಒಡೆದಳು. ಮೊದಲನೇ ಪಿರಿಯಡ್ಡು ನದಿ ದಂಡೆ, ಎರಡನೆಯದು ಗಡಿಯಾರದ ಗೋಪುರ, ಲಘು ವಿಶ್ರಾಂತಿ, ಆಮೇಲೆ ಸೇತುವೆ. ಎರಡನೇ ದಿನ ಪೂರ್ತಿ ದೊಡ್ಡ ವಸ್ತುಸಂಗ್ರಹಾಲಯ. ಮೂರನೇ ದಿನ ಬೋಟಿನಲ್ಲಿ ನದಿಯಗುಂಟ ಗ್ರೀನ್‌ವಿಚ್ಚಿಗೆ. ಬಸ್ಸಿನಲ್ಲಿ ಬೇಗ ಹೋಗಬಹುದೆಂದು ನಮ್ಮವರು ಹೇಳಿದರೆ, ನದಿಯನ್ನು ಬಸ್ಸಿನಲ್ಲಿ ಕೂತು ಯಾರು ಕಲಿಯುತ್ತಾರೆ ಎಂದು ಬೈದಳು. ನಾಲ್ಕನೇ ದಿನ ಒಂದು ಉದ್ಯಾನ, ಮತ್ತು ಪರೀಕ್ಷೆ. ಪರೀಕ್ಷೆ ನನಗೆ.

"ಅತ್ತಿ, ಕೊನೀ ಪಿರಿಯಡ್ಡಿಗೆ ಆಟಕ್ಕರ ಬಿಡ್ರಿ ಅವರನ್ನ," ಎಂದು ಭಾರತಿ ಒಳಗಿನಿಂದ ಕೂಗುತ್ತಿದ್ದಳು.

ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಅಕ್ಕ ಊಟ ಮಾಡುವುದಿಲ್ಲ, ನೀರೂ ಕುಡಿಯುವುದಿಲ್ಲ. ಹಾಗಾಗಿ ಲಂಡನ್ನಿನಲ್ಲಿ ಜೂನ್ ತಿಂಗಳು ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ ಎಂದು ತಿಳಿದ ದಿನ ಅವಳ ಮುಖ ನೋಡಬೇಕಿತ್ತು. ಪಾಠಮಾಡುವಾಗ ಇದನ್ನೆಲ್ಲ ಅವಳೇ ಹೇಳಿಕೊಟ್ಟದ್ದು. ಊಟಕ್ಕೆ ಜೋಡಿಸಿ ನೋಡಿರಲಿಲ್ಲ.

"ಒಂಬತ್ತರ ಮಟಾ ಉಣ್ಣಬಹುದು ಅಂದ್ರ ಅದು ಜೈನರ ಊರ ಬಿಡು," ಎಂದಳು. "ಆ ಮಂದಿಗೆ ಗೊತ್ತಿಲ್ಲ, ಅಷ್ಟ."

ಒಂದು ರವಿವಾರದ ಸಂಗತಿಯನ್ನು ಇಲ್ಲಿ ಹೇಳಬೇಕು. ನಡೆದದ್ದನ್ನು ನಡೆದಷ್ಟೇ ಹೇಳಲು ನೋಡುತ್ತೇನೆ. ಶಾಲೆಯವರು ಬಿಟ್ಟುಕೊಟ್ಟ ಸುತ್ತುವ ಹಲಗೆಯೊಂದು ಅವಳಲ್ಲಿತ್ತು. ಅದನ್ನು ಪಡಸಾಲೆಯ ಮೊಳೆಗೆ ತೂಗುಹಾಕಿ, ಮೂರನೇ ದಿನದ ಪಾಠಕ್ಕಾಗಿ ಥೇಮ್ಸ್ ನದಿಯನ್ನು ಬರೆಯುತ್ತಿದ್ದಳು. ಪ್ರತಿ ಸಲ ಬರೆದು ತೋರಿಸಿದ್ದರಿಂದ ಅದರ ತಿರುವುಗಳು ನನಗೂ ಗೊತ್ತಿದ್ದವು. ಅವತ್ತು ನದಿ ಬೇರೆ ಕಡೆಗೆ ತಿರುಗಿತು. ಅಕ್ಕ ಸರಾಗವಾಗಿ ಬರೆದಳು, ಒಂದು ಬಾಗಿನ ಹತ್ತಿರ ಚುಕ್ಕೆ ಇಟ್ಟು "ಅಸೋಗಾ" ಎಂದು ಹೆಸರು ಹಾಕಿದಳು. ಅದು ಖಾನಾಪುರದ ಮಗ್ಗುಲಿಗೇ ಇರುವ ಊರು. ಬಳಿಕ ಹಿಂದಕ್ಕೆ ಸರಿದು ನದಿಯ ಮೂಲದಲ್ಲಿ "ಕಣಕುಂಬಿ" ಎಂದು ಬರೆದಳು. ಥೇಮ್ಸ್ ನಮ್ಮ ಮಲಪ್ರಭೆಯಾಗಿತ್ತು. ಮಲಪ್ರಭೆಯಾಗಿ ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

"ಇಲ್ಲೆ ಬೋಟ ಹತ್ತೂದು," ಎಂದು ಅಸೋಗದ ಮೇಲೆ ಬೆರಳಿಟ್ಟಳು. ಚಹಾ ಹಿಡಿದು ಬಂದ ಭಾರತಿ ಬಾಗಿಲಲ್ಲೇ ನಿಂತಳು. ಅಕ್ಕ ನಮ್ಮಿಬ್ಬರ ಮುಖ ನೋಡಿ, "ಯಾಕ, ತಪ್ಪಾತೇನ?" ಎಂದಳು.

"ಇಲ್ಲಕ್ಕಾ, ಬರೋಬ್ಬರಿ ಐತಿ."

ಆ ಸಂಜೆ ನಮ್ಮವರಿಗೆ ಹೇಳಿದೆ, ಬೇಗ ಮಾಡಬೇಕು ಎಂದು. ಅವರು ಮುಂದಿನ ರವಿವಾರ ನನ್ನೊಂದಿಗೆ ತಾವೂ ಬಂದರು, ವೀಸಾ ಕಾಗದಗಳಿಗೆ ಅಕ್ಕನ ಸಹಿ ಬೇಕಿತ್ತು. ಊಟವಾಗಿತ್ತು. ಅಕ್ಕ ಅಂದು ಚೆನ್ನಾಗಿದ್ದಳು. ಸಹಿಗೆ ಪೆನ್ನು ತೆಗೆಯುತ್ತ ಇವರು ತಮಾಷೆಗೆ ಒಂದು ಮಾತು ಆಡಿದರು. ಅದು ಬರೀ ತಮಾಷೆಗೆ ಎಂದು ನನಗೆ ಗೊತ್ತು; ಅದಕ್ಕಾಗಿ ಅವರು ಎಷ್ಟು ನೊಂದುಕೊಂಡಿದ್ದಾರೆ ಎಂಬುದೂ ಗೊತ್ತು.

"ಅಕ್ಕಾರ, ಹಿಂದಕ ಮುನಿಗಳ ಮುಂದ ನೀವೂ ಮಾಮಾನೂ ದಿಗ್ವ್ರತ ತಗೊಂಡಿದ್ರಿ ಅಲ್ರಿ? ಲಂಡನ್ನು ಅದರಾಗ ಕುಂದರತೈತೋ ಇಲ್ಲೋ ನೋಡ್ರಿ ಮತ್ತ. ವಿಮಾನದಾಗ ನೆನಪಾದ್ರ ನಡುವ ಇಳ್ಯಾಕ ಬರೂದಿಲ್ಲ."

ದಿಗ್ವ್ರತವೆಂದರೆ ದಿಕ್ಕುಗಳಿಗೆ ಗಡಿ ಹಾಕಿಕೊಳ್ಳುವುದು. ಈ ದಿಕ್ಕಿಗೆ ಇಂಥ ಸಮುದ್ರದ ತನಕ, ಈ ದಿಕ್ಕಿಗೆ ಇಂಥ ಬೆಟ್ಟದ ತನಕ, ಅದರಾಚೆಗೆ ಬದುಕಿರುವವರೆಗೂ ಕಾಲಿಡುವುದಿಲ್ಲ, ಅಲ್ಲಿಯದನ್ನು ಬಯಸುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ ತೆಗೆದುಕೊಳ್ಳುವ ವ್ರತ. ಅಂಥ ದೊಡ್ಡ ಸಂಗತಿಯನ್ನು ಇಷ್ಟು ದಿನ ಎಲ್ಲರೂ ಹೇಗೆ ಮರೆತಿರಿ ಎಂದು ನೀವು ಕೇಳಬಹುದು. ಖಾನಾಪುರದ ಮನೆ, ಶಾಲೆ, ವರ್ಷಕ್ಕೊಮ್ಮೆ ಯಾತ್ರೆ, ಇಷ್ಟರಲ್ಲಿ ಬದುಕುವವರಿಗೆ ಗಡಿ ಎಂದೂ ಮೈಗೆ ತಾಗುವುದಿಲ್ಲ. ತಾಗದ ಗೋಡೆಯನ್ನು ಯಾರು ನೆನಪಿಡುತ್ತಾರೆ?

ಭಾರತಿ ನಕ್ಕಳು. ಅಕ್ಕ ನಗಲಿಲ್ಲ. "ಲಂಡನ್ನು ಪಶ್ಚಿಮಲ್ಲ. ವಾಯವ್ಯ ಆಗತೈತಿ," ಎಂದಳು ಮೊದಲು, ತರಗತಿಯ ದನಿಯಲ್ಲಿ.

"ಹಂಗಾರ ಪಾರಾದ್ರಿ. ವಾಯವ್ಯಕ್ಕ ಯಾರ ಗಡಿ ಹಾಕ್ತಾರ?"

"ಹತ್ತೂ ದಿಕ್ಕಿಗೆ ಹಾಕತಾರ್ರಿ. ಮ್ಯಾಲ, ಕೆಳಗೂ ಹಾಕತಾರ."

ಎದ್ದು ಹಲಗೆಯ ಮುಂದೆ ನಿಂತಳು. ಹಿಂದೂಸ್ತಾನದ ನಕಾಶೆ ಬರೆದಳು. ಪೂರ್ವಕ್ಕೆ ನಾವು ಯಾತ್ರೆಗೆ ಹೋಗುವ ಶಿಖರ್ಜಿಯ ಬೆಟ್ಟ, ಅಲ್ಲಿ ಒಂದು ಗೀಟು. ದಕ್ಷಿಣಕ್ಕೆ ಕನ್ಯಾಕುಮಾರಿಯ ಸಮುದ್ರ. ಉತ್ತರಕ್ಕೆ ಹಿಮಾಲಯ. ಮತ್ತೆ ಪಶ್ಚಿಮದ ಕರಾವಳಿಯ ಹತ್ತಿರ ಸೀಮೆಸುಣ್ಣ ನಿಂತಿತು. ತುಸು ಮುಂದೆ ಹೋಯಿತು, ಹಿಂದೆ ಬಂತು. ಹಲಗೆಗೆ ತಾಗಲಿಲ್ಲ.

"ಗೋವಾದ ಸಮುದ್ರ ಅಂದಿದ್ರೋ, ಏಳೂ ಸಮುದ್ರದ ಆಚೀ ದಂಡಿ ಅಂದಿದ್ರೋ," ಎಂದಳು. "ಅವರು ಮುಂದ ಹೇಳತಿದ್ರು, ನಾ ಹಿಂದ ಹೇಳತಿದ್ದೆ." ಅವರು ಎಂದರೆ ಮಾಮಾ. ವ್ರತ ಕೊಟ್ಟ ಮುನಿಗಳೂ ಈಗಿಲ್ಲ. ಅಕ್ಕ ನನ್ನತ್ತ ತಿರುಗಿದಳು. "ನೀ ಅವತ್ತ ಬಸದ್ಯಾಗ ಇದ್ದೆಲ್ಲ. ನಿನಗ ಕೇಳಿಸಿರಬೇಕು."

ಇದ್ದೆ. ಶಹಾಪುರದ ಬಸದಿಯಲ್ಲಿ, ಹೆಂಗಸರ ಕೊನೆಯ ಸಾಲಿನಲ್ಲಿ ಕೂತಿದ್ದೆ. ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಮಾಮಾನ ತುಟಿ ಅಲುಗಿದ್ದು ಕಂಡಿತ್ತು, ಅಕ್ಕ ಕೈಮುಗಿದು ನಿಂತದ್ದು ಕಂಡಿತ್ತು. ಮಾತು ಕೇಳಿಸಿರಲಿಲ್ಲ. ನಮ್ಮವರು ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣು ಏನು ಹೇಳುತ್ತಿದೆಯೆಂದು ತಿಳಿಯಿತು. ಆಚೀ ದಂಡಿ ಎಂದುಬಿಟ್ಟರೆ ಅಕ್ಕ ನಂಬುತ್ತಿದ್ದಳು. ಜೂನ್ ತಿಂಗಳಲ್ಲಿ ಆ ಗೀಟಿನ ಮೇಲೆ ನಿಲ್ಲುತ್ತಿದ್ದಳು.

"ಕೇಳಿಸಿರಲಿಲ್ಲಕ್ಕಾ," ಎಂದೆ.

ನಮ್ಮವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. "ಅಕ್ಕಾರ, ನೆನಪಿಲ್ಲದ್ದು ಇದ್ರೇನು ಇಲ್ದಿದ್ರೇನು. ಗಡಿ ಇಲ್ಲಂತ ತಿಳೀರಿ," ಎಂದರು.

"ಈ ವ್ರತಕ್ಕ ಗಡಿ ಮರಿಯೂದೂ ಒಂದು ದೋಷಾನ ಐತ್ರಿ. ದಾಟೂದು ಹೆಂಗೋ, ಮರಿಯೂದೂ ಹಂಗ. ಮೊದಲೇ ಹೇಳಿರತಾರ." ಅಕ್ಕನ ದನಿಯಲ್ಲಿ ಬೇಸರವೇನೂ ಇರಲಿಲ್ಲ. ಸೀಮೆಸುಣ್ಣವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಕೈಯ ಪುಡಿ ಒರೆಸಿಕೊಂಡು ಕೂತಳು. ಹಲಗೆಯ ಕಡೆ ನೋಡುತ್ತ ಹೇಳಿದಳು: "ನೆನಪಿಲ್ಲಂದ್ರ, ನೆನಪಿದ್ದಷ್ಟರಾಗ ಇರಬೇಕು. ಖಾನಾಪುರ ನೆನಪೈತಿ. ಇಲ್ಲೇ ಇರತೇನಿ."

ಆಮೇಲೆ ನಾವು ಹೇಳಿ ನೋಡಿದೆವು. ಭಾರತಿ ಅತ್ತಳು ಕೂಡ. ಅಕ್ಕ ಬೆಳಗಾವಿಗೆ ಬರುವುದನ್ನೂ ಬಿಟ್ಟಳು. ಡಾಕ್ಟರನ್ನು ಖಾನಾಪುರಕ್ಕೇ ಕರೆಸಬೇಕಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಲಂಡನ್ ಎಂಬ ಊರಿನ ಹೆಸರು ಹೇಳಿದರೆ ಸುಮ್ಮನೆ ತಲೆಯಾಡಿಸುತ್ತಿದ್ದಳು, ಪರಿಚಯವಿಲ್ಲದವರ ಮನೆಯ ಸುದ್ದಿ ಕೇಳಿದ ಹಾಗೆ. ಅವತ್ತು ನಾನು ಹೇಳಿದ್ದು ನಿಜ. ಆ ನಿಜದಿಂದ ಯಾರಿಗೆ ಏನು ಉಪಕಾರವಾಯಿತು?

ಕಳೆದ ತಿಂಗಳು ಅಕ್ಕ ಮನೆಯಿಂದ ಯಾರಿಗೂ ಕಾಣದಂತೆ ಹೊರಟುಹೋದಳು. ನದಿಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಗುರುತು ಹಿಡಿದು ಕರೆತಂದಳು. ಬರಲು ಒಪ್ಪುತ್ತಿರಲಿಲ್ಲವಂತೆ, ಬೋಟು ಇನ್ನೂ ಬಂದಿಲ್ಲ ಎಂದು ಆ ಹೆಂಗಸಿನ ಮರಾಠಿಯಲ್ಲೇ ಹೇಳುತ್ತಿದ್ದಳಂತೆ. ಅದಾದ ಮೇಲೆ ಭಾರತಿಯ ಗಂಡ ಗೇಟಿಗೆ ಹೊರಗಿನಿಂದ ಒಂದು ಚಿಲಕ ಹಾಕಿಸಿದ್ದಾನೆ. ತಾಯಿಯ ಮೇಲೆ ಬಾಗಿಲು ಹಾಕಿ ಡ್ಯೂಟಿಗೆ ಹೋಗುವುದು ಅವನಿಗೂ ಸುಲಭವಿಲ್ಲ. ಬೇರೆ ದಾರಿ ನಮಗೆ ಕಾಣಲಿಲ್ಲ.

ಇವತ್ತೂ ರವಿವಾರ. ಅಂಗಡಿಯಿಂದ ಬಲ್ಬು ತರಿಸಿ ಹಾಕಿ ರೈಲು ಹತ್ತಿದೆ. ಅಕ್ಕ ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಬರ್ರಿ, ಕುಂದರ್ರಿ," ಎಂದಳು. ಈಗ ನನಗೂ ರೀ ಎನ್ನುತ್ತಾಳೆ. ಕೂತೆ. ಶೇಂಗಾ ಹೋಳಿಗೆ ಮುರಿದು ಕೊಟ್ಟೆ, ತಿಂದಳು. ಸ್ವಲ್ಪ ಹೊತ್ತು ಅಂಗಳವನ್ನು ಆಚೆ ಈಚೆ ನೋಡಿದಳು. ಆಮೇಲೆ ನನ್ನ ಕಡೆಗೆ ಬಗ್ಗಿ, ಕೇಳಬಾರದ್ದನ್ನು ಕೇಳುವವಳ ಹಾಗೆ ದನಿ ಇಳಿಸಿ, "ನಾ ಎಲ್ಲೀಮಟಾ ಹೋಗಬಹುದ್ರಿ?" ಎಂದಳು.

ನಾನು ಗೇಟಿನ ಕಡೆ ನೋಡಿದೆ. ಈ ಸಲ ನನಗೆ ಉತ್ತರ ಗೊತ್ತಿತ್ತು.

"ಗೇಟೀನ ಮಟಾ ಅಕ್ಕಾ."

"ಗೇಟೀನ ಮಟಾ," ಎಂದಳು. ಮತ್ತೊಮ್ಮೆ, ಮರೆಯಬಾರದೆಂಬಂತೆ, ತನ್ನಷ್ಟಕ್ಕೆ ಹೇಳಿಕೊಂಡಳು. ಎದ್ದು ಮೆಲ್ಲನೆ ನಡೆದಳು. ಗೇಟಿಗೆ ಇನ್ನೂ ಎರಡು ಹೆಜ್ಜೆ ಇರುವಾಗಲೇ ನಿಂತಳು. ಹೊರಗೆ ಒಂದು ಎಮ್ಮೆ ಹಾದುಹೋಯಿತು, ಅದನ್ನು ನೋಡಿದಳು. ತಿರುಗಿ ಬಂದು ನನ್ನ ಪಕ್ಕ ಕೂತಳು.

ಅವಳನ್ನು ತಡೆಯಲು ಚಿಲಕ ಬೇಕಾಗಿರಲಿಲ್ಲ. ಆದರೂ ಸಂಜೆ ಹೊರಡುವಾಗ ನಾನೇ ಅದನ್ನು ಹೊರಗಿನಿಂದ ಹಾಕಿದೆ, ಎಳೆದು ನೋಡಿದೆ, ಬಂದೆ.