ಬೆಳ್ಳಿ ಬಣ್ಣ ಬಳಿದ ವಾಲ್ವು

ಹುಮನಾಬಾದಿನಲ್ಲಿ ಹೈದರಾಬಾದ್ ರಸ್ತೆಯ ಮಗ್ಗುಲಿಗೆ ನನ್ನ ಅಣ್ಣನ ಗ್ಯಾರೇಜು ಇತ್ತು. ಮೇಲೆ ತಗಡು, ಮುಂದೆ ಬೇವಿನ ಮರ, ಹಿಂದೆ ನಮ್ಮ ಮನೆ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಮನೆಗೆಲಸ ಮುಗಿದ ಕೂಡಲೇ ಹಿತ್ತಲ ಬಾಗಿಲಿನಿಂದ ಗ್ಯಾರೇಜಿಗೆ ಹೋಗಿ ಖಾಲಿ ಡಬ್ಬಿಯ ಮೇಲೆ ಕೂಡುತ್ತಿದ್ದೆ. ಅಲ್ಲಿನ ಡೀಸೆಲ್ ವಾಸನೆಯ ಜೊತೆ ಅಣ್ಣನ ಹೆಂಡತಿ, ನಮ್ಮ ವೈನಿ, ಒಳಗೆ ಹಾಕುತ್ತಿದ್ದ ಒಗ್ಗರಣೆಯ ವಾಸನೆಯೂ ಬರುತ್ತಿತ್ತು. ಈಗಲೂ ಬಸ್ಸು ಪೆಟ್ರೋಲ್ ಪಂಪಿನ ಮುಂದೆ ನಿಂತರೆ ನನಗೆ ಹಸಿವಾಗುತ್ತದೆ.

ಎಂಬತ್ತರ ದಶಕದ ಶುರುವಿನಲ್ಲಿ ಅಣ್ಣ ಹೈದರಾಬಾದಿನ ಗುಜರಿಯಿಂದ ಬಸವನಹುಳುವಿನ ಚಿಪ್ಪಿನಂಥ ಒಂದು ಭಾರದ ಸಾಮಾನು ತಂದ. ನೆಲ ಅಗೆಯುವ ಯಾವುದೋ ದೊಡ್ಡ ಯಂತ್ರದಿಂದ ಬಿಚ್ಚಿದ ಟರ್ಬೊ ಅದು. ತನ್ನ ಹಳೆಯ ಜೀಪಿಗೆ ಅವನು ಮೊದಲೇ ಡೀಸೆಲ್ ಎಂಜಿನ್ ಕೂರಿಸಿದ್ದ. ಈಗ ಇದನ್ನೂ ಕೂರಿಸಲು ಹೊರಟ. ಇದೇನು ಎಂದು ಕೇಳಿದೆ.

"ಎಂಜಿನ್ ಬಿಡೂ ಹೊಗಿ ಸುಮ್ಮ ಹೊರಗ ಹೋಗ್ತದಲ್ಲ, ಅದರ ಕೈಲೆ ಈ ಚಕ್ರ ತಿರುಗಸ್ತೀನಿ. ಇದು ತಿರುಗಿದ್ರ ಆ ಕಡಿ ಚಕ್ರ ಎಂಜಿನ್ನಿಗಿ ಗಾಳಿ ತುಂಬ್ತದ. ಗಾಳಿ ಹೆಚ್ಚಾದಂಗ ಎಳಿಯೂ ತಾಕತ್ತೂ ಹೆಚ್ಚು."

"ಹಂಗಿದ್ರ ಇನ್ನಾ ತುಂಬು. ಯಾಕ ಕಮ್ಮಿ ಮಾಡ್ತಿ?"

"ನೀ ಹೋಳಗಿ ತಿಂದಂಗ ಎಂಜಿನ್ ಗಾಳಿ ತಿಂದ್ರ ಹೆಡ್ಡೇ ಹಾರಿ ಹೋಗ್ತದ, ಹುಚ್ಚಿ!"

ಹೆಚ್ಚಾದ ಗಾಳಿ ಹೊರಗೆ ಹೋಗಲೆಂದು ಅವನು ಪೈಪಿನ ಮೇಲೆ ಒಂದು ವಾಲ್ವು ಕೂರಿಸಿದ. ಒಂದು ಹಿತ್ತಾಳೆಯ ಬಿಲ್ಲೆ, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು, ಬಿಗಿ ಮಾಡಲು ಒಂದು ಸ್ಕ್ರೂ, ಅಷ್ಟೇ. ಒತ್ತಡ ಮಿತಿ ಮೀರಿದರೆ ಬಿಲ್ಲೆ ಮೇಲೆದ್ದು ಗಾಳಿ ಬುಸ್ಸೆಂದು ಹೊರಬೀಳಬೇಕು. ಗಾಳಿ ತುಂಬುವ ಪಂಪಿನ ಒಂದು ಮೀಟರನ್ನು ಸ್ಟೇರಿಂಗಿನ ಮುಂದೆ ಹಾಕಿ, ಸೂಜಿ ದಾಟಬಾರದ ಜಾಗದಲ್ಲಿ ವೈನಿಯ ಉಗುರಿನ ಬಣ್ಣದಿಂದ ಕೆಂಪು ಗೆರೆ ಎಳೆದ. ಮೊದಲು ಸ್ಪ್ರಿಂಗನ್ನು ಸಡಿಲವಾಗಿಟ್ಟ. ಒಂದು ಸುತ್ತು ಹೋಗಿ ಬರುವುದು, ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನ ಸುತ್ತ ಕೈಯಾಡಿಸಿ ನೋಡುವುದು, ಸ್ಕ್ರೂ ಎಳ್ಳಷ್ಟು ತಿರುಗಿಸುವುದು, ಮತ್ತೆ ಹೋಗುವುದು. ತಿರುಗಿ ಬಂದಾಗ ಎಂಜಿನ್ನನ್ನು ಒಮ್ಮೆಲೇ ಆರಿಸುತ್ತಿರಲಿಲ್ಲ. "ಅದಕ್ಕ ದಮ್ಮ ಹತ್ತೇದ, ಜರಾ ಕೂಡ್ಲಿ" ಎಂದು ಸಣ್ಣಗೆ ಓಡಲು ಬಿಡುತ್ತಿದ್ದ. ದಿನಾ ಬೆಳಿಗ್ಗೆ ವಾಲ್ವಿನ ಬಿಲ್ಲೆಯ ಅಂಚನ್ನು ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ನೋಡದೆ ಜೀಪು ಹೊರಗೆ ತೆಗೆಯುತ್ತಿರಲಿಲ್ಲ.

"ನಮಗ ದಮ್ಮ ಹತ್ತಿದ್ರ ಕೇಳೂರಿಲ್ಲ ನೋಡವ್ವ. ನಿಮ್ಮಣ್ಣ ಆ ಸೂಜಿ ಕೂಡ ಮಾತಾಡೂದ್ರಾಗ ಅರ್ಧ ನನ್ನ ಕೂಡ ಆಡಿದ್ರ ಸಾಕಿತ್ತು" ಎಂದು ವೈನಿ ಚಹದ ಲೋಟ ಕುಕ್ಕಿ ಹೋಗುತ್ತಿದ್ದಳು. ಅಣ್ಣ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದ.

ಈ ಸುದ್ದಿ ಬಸವಕಲ್ಯಾಣದ ಒಬ್ಬ ಸಾಹುಕಾರರಿಗೆ ಮುಟ್ಟಿತು. ಅವರದು ಎಣ್ಣೆಯ ಮಿಲ್ಲು. ಲಾರಿಗಳು ತುಂಬಿಕೊಂಡು ಹೊರಟರೆ ಏರಿನಲ್ಲಿ ತೆವಳುತ್ತಿದ್ದವು. ದಸರೆಯ ಬನ್ನಿ ಹಬ್ಬದ ದಿನ ಬಂದು ಜೀಪಿನಲ್ಲಿ ಕೂತು ನೋಡುತ್ತೇನೆ, ಚಲೋ ಅನಿಸಿದರೆ ಲಾರಿಗಳನ್ನೂ ನಿಮ್ಮ ಕೈಗೆ ಕೊಡುತ್ತೇನೆ ಎಂದರು. ಅಣ್ಣನ ಹತ್ತಿರ ಬರುವವರೆಲ್ಲ ಪಂಕ್ಚರಿಗೋ ಬ್ರೇಕಿಗೋ ಬರುವವರೇ. ತಾನೇ ಯೋಚಿಸಿ ಮಾಡಿದ್ದನ್ನು ನೋಡಲೆಂದು ಬರುವ ಮೊದಲ ಮನುಷ್ಯ ಇವರು. ಆ ವಾರವೆಲ್ಲ ಅವನು ಸಿಳ್ಳೆ ಹಾಕುತ್ತಲೇ ಇದ್ದ.

ಹಬ್ಬದ ಹಿಂದಿನ ದಿನ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ನಟ್ಟು ಬಿಚ್ಚುವ ಪಾನೆಯಿಂದ ಹಿಡಿದು ಜ್ಯಾಕಿನವರೆಗೆ ಎಲ್ಲ ಸಾಮಾನು ತೊಳೆದು, ವಿಭೂತಿ ಹಚ್ಚಿ, ಸಾಲಾಗಿ ಇಡುತ್ತಿದ್ದೆವು. ಅಣ್ಣ ಕುಂಬಳಕಾಯಿ, ಚೆಂಡು ಹೂವು ತರಲು ಪೇಟೆಗೆ ಹೋಗಿದ್ದ. ಬಾಗಿಲಿಗೆ ಬಳಿದು ಉಳಿದ ಬೆಳ್ಳಿ ಬಣ್ಣ ಡಬ್ಬಿಯ ತಳದಲ್ಲಿತ್ತು. ಸಾಹುಕಾರರು ಬಾನೆಟ್ ತೆಗೆಸಿ ನೋಡಿದರೆ ಕಣ್ಣು ಕುಕ್ಕಬೇಕು ಎಂದು ನನಗೆ ಹುರುಪು. ಪೈಪು, ಟರ್ಬೊ, ವಾಲ್ವು, ಯಾವುದನ್ನೂ ಬಿಡದೆ ದಪ್ಪಗೆ ಬಳಿದೆ. ಬಿಲ್ಲೆಯ ಸುತ್ತಿನ ಸಂದಿಯಲ್ಲಿ ಬಣ್ಣ ಇಳಿದದ್ದನ್ನು ನೋಡಿದೆ. ತುಂಬಿಕೊಂಡರೆ ಇನ್ನೂ ನುಣ್ಣಗೆ ಕಾಣುತ್ತದೆ ಎಂದುಕೊಂಡೆ.

"ಏ, ಜೀಪಿಗಿ ಮದಲಗಿತ್ತಿ ಮಾಡೀಯಲ್ಲ!" ಎಂದು ಅಣ್ಣ ನಕ್ಕ. ಕಾಯಿ ಒಡೆದು ಪೂಜೆ ಮಾಡಿದೆವು. ಜೀಪೂ ಸೇರಿ ಪೂಜೆಗೆ ಇಟ್ಟದ್ದನ್ನು ಮರುದಿನ ಕದಲಿಸುವ ತನಕ ಮುಟ್ಟುವ ಹಾಗಿಲ್ಲ. ಬಣ್ಣ ಒಣಗಿ ಕಲ್ಲಾಯಿತು. ಬೆಳಿಗ್ಗೆ ಕಾಯಿ ಕದಲಿಸುವಷ್ಟರಲ್ಲಿ ಸಾಹುಕಾರರು ಬಾಗಿಲಿಗೇ ಬಂದು ನಿಂತಿದ್ದರು. ಆ ಗಡಿಬಿಡಿಯಲ್ಲಿ ಅಣ್ಣ ಹೆಬ್ಬೆರಳು ಒತ್ತಿ ನೋಡುವುದನ್ನು ಮರೆತ.

ಬಸವಕಲ್ಯಾಣದ ದಾರಿ ಹಿಡಿದೆವು. ಭಾರಕ್ಕೆಂದು ಹಿಂದೆ ಜೋಳದ ಚೀಲ ಹೇರಿದ್ದೆವು, ಅವುಗಳ ಮೇಲೆ ನಾನು. ಏರು ಬಂತು. ಜೀಪು ಇಳಿಜಾರಿನಲ್ಲಿ ಹೋದಂತೆ ಏರತೊಡಗಿತು.

"ಮಿಸ್ತ್ರಿ, ಇದಕ್ಕ ಏನ್ ಕುಡಿಸೀರಿ? ಗಾಡಿ ಹೊಂಟದೋ ಹಾರಾಕತ್ತದೋ?"

"ಬರೀ ಗಾಳಿರಿ ಸಾಹುಕಾರ್ರ" ಎಂದು ಅಣ್ಣ ಅವರ ಕಡೆ ತಿರುಗಿ ನಕ್ಕ. ತಿರುಗಿ ಮುಂದೆ ನೋಡುವಷ್ಟರಲ್ಲಿ ಸೂಜಿ ಗೆರೆ ದಾಟಿತ್ತು. ಎಕ್ಸಲೇಟರಿನ ಮೇಲಿಂದ ಕಾಲು ತೆಗೆದ. ಒಳಗೆ ಏನೋ ಸಿಡಿಯಿತು, ಬಾನೆಟ್ಟಿನಿಂದ ಬಿಳಿ ಉಗಿ ಎದ್ದಿತು. ಹೆಡ್ಡಿನ ಕೆಳಗೆ ಬಿಗಿಯಾಗಿ ಕೂರುವ ಗ್ಯಾಸ್ಕೆಟ್ ಹರಿದಿತ್ತು.

ಸಾಹುಕಾರರು ಬೈಯಲಿಲ್ಲ. "ಹಬ್ಬದ ದಿನ, ಜೀವ ಉಳೀತಲ್ಲ, ಬಿಡ್ರಿ" ಎಂದು ದಾರಿಯಲ್ಲಿ ಬಂದ ಲಾರಿ ಹತ್ತಿದರು. ಅಣ್ಣ ಕೊಡ ಹಿಡಿದು ಹೊಲದ ಬಾವಿಗೆ ಹೋದ. ನಾನು ಬಾನೆಟ್ ಎತ್ತಿ ವಾಲ್ವನ್ನು ಒತ್ತಿದೆ. ಅಲುಗಲಿಲ್ಲ. ತಲೆಯ ಪಿನ್ನು ತೆಗೆದು ಸಂದಿಯ ಬಣ್ಣವನ್ನೆಲ್ಲ ಕೆರೆದೆ, ಸೆರಗಿನಿಂದ ಒರೆಸಿದೆ, ಮತ್ತೆ ಒತ್ತಿದೆ. ಬಿಲ್ಲೆ ಸರಾಗವಾಗಿ ಮೇಲೆದ್ದು ಮತ್ತೆ ಕೂತಿತು.

ಅಣ್ಣ ಬಂದವನೇ ಅದನ್ನೇ ಒತ್ತಿ ನೋಡಿದ. "ವಾಲ್ವ್ ಆಡ್ತದ. ಸ್ಪ್ರಿಂಗೇ ನಾ ಬಿರುಸು ಇಟ್ಟೀನಿ. ನನ್ನ ಅಂದಾಜೇ ತಪ್ಪೇದ." ನಾನು ಪಿನ್ನನ್ನು ತಿರುಗಿ ತಲೆಗೆ ಸಿಕ್ಕಿಸಿಕೊಂಡೆ.

ಸಂಜೆ ಬಂಗಾರವೆಂದು ಬನ್ನಿ ಎಲೆ ಕೊಟ್ಟು ಕಾಲಿಗೆ ಬಿದ್ದಾಗ ಅವನು ನನ್ನ ತಲೆಯ ಮೇಲೆ ಕೈಯಿಟ್ಟು "ಬಂಗಾರದಂಗ ಇರವ್ವ" ಎಂದ. ಆಗಲೇ ಹೇಳಿಬಿಡಬೇಕೆಂದಿದ್ದೆ, ಹೇಳಲಿಲ್ಲ. ಬೈದಾನೆಂಬ ಅಂಜಿಕೆಯಿಂದಲ್ಲ, ಮದಲಗಿತ್ತಿ ಎಂದು ನಕ್ಕ ಆ ಮುಖ ಮತ್ತೆ ನನ್ನ ಕಡೆ ಹಾಗೆ ನೋಡದೇನೋ ಎಂಬ ಅಂಜಿಕೆ. ಮರುವಾರ ಅವನು ಟರ್ಬೊ ಬಿಚ್ಚಿ ಗುಜರಿಗೆ ಹಾಕಿದ. ಮತ್ತೆ ಪಂಕ್ಚರು, ಬ್ರೇಕು. "ನಮ್ಮಂಥವರ ಕೆಲಸಲ್ಲ ಬಿಡು ಅದು" ಎಂಬ ಮಾತು ಅವನ ಬಾಯಿಗೆ ರೂಢಿಯಾಯಿತು. ಸಿಳ್ಳೆ ನಿಂತಿತು.

ನಾನು ಮದುವೆಯಾಗಿ ಕೊಹಿನೂರು ಎಂಬ ಹಳ್ಳಿಗೆ ಹೋದೆ, ಮಕ್ಕಳಾದವು. ಒಮ್ಮೆ ತವರಿಗೆ ಬಂದಾಗ ಅಣ್ಣ ಯಾರದೋ ಟ್ರ್ಯಾಕ್ಟರಿನ ಮುಂದೆ ಕೂತು ಊಟದ ಹೊತ್ತಿಗೆ ಕೈ ತೊಳೆಯುತ್ತಿದ್ದ. ಆಗ ಹೇಳಿಬಿಟ್ಟೆ. ಬಣ್ಣ, ಪಿನ್ನು, ಸೆರಗು, ಎಲ್ಲ.

ಅವನು ಸೋಪನ್ನು ಕಲ್ಲಿನ ಮೇಲಿಟ್ಟು ನನ್ನ ಕಡೆ ತಿರುಗಿದ.

"ಕೆರೆದ ಮ್ಯಾಲ ಒತ್ತಿದ್ಯಲ್ಲ, ಹ್ಯಾಂಗಿತ್ತು? ಬಿರುಸಿತ್ತೇನು?"

"ಇಲ್ಲಣ್ಣಾ. ದಿನಾ ಇದ್ದಂಗ ಇತ್ತು."

"ಖರೆ ಹೇಳು."

"ನಿನ್ನಾಣಿ."

ಊಟಕ್ಕೆ ಕೂತಾಗ ವೈನಿ ರೊಟ್ಟಿ ಹಾಕುತ್ತಿದ್ದಳು. ಅಣ್ಣ ಅವಳ ಕಡೆ ನೋಡಿ, ಆ ದಿನವೇ ನಡೆದ ಸುದ್ದಿ ಹೇಳುವವನಂತೆ, "ನನ್ನ ಸ್ಪ್ರಿಂಗ್ ಬರಾಬರ್ ಇತ್ತಂತ" ಎಂದ. ಯಾವ ಸ್ಪ್ರಿಂಗು ಎಂದು ಅವಳು ಕೇಳಿದಳು. ಅವನು ನನ್ನ ಹೆಸರು ಎತ್ತಲೇ ಇಲ್ಲ. ಅಂಗೈ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ಆ ವಾಲ್ವು ಹೇಗಿತ್ತೆಂದು ಅವಳಿಗೆ ಮೊದಲಿನಿಂದ ಹೇಳತೊಡಗಿದ. ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿಯದೆ ನಾನು ಅವನ ಬೆರಳನ್ನೇ ನೋಡುತ್ತ ಕೂತೆ.