ಸೋದರಮಾವನ ಸೈನ್ಯ, ಒಂದು ಲೋಟ ಮಜ್ಜಿಗೆ

ನಮ್ಮಜ್ಜಿ ಯುದ್ಧದ ಕಥೆ ಹೇಳುತ್ತಲೇ ಇರಲಿಲ್ಲ. ಐದು ಜನ ಅಣ್ಣತಮ್ಮಂದಿರಿಗೂ ಅವರ ನೂರು ಜನ ದಾಯಾದಿಗಳಿಗೂ ನಡೆದ ಆ ದೊಡ್ಡ ಯುದ್ಧದಲ್ಲಿ ಯಾರ ತೊಡೆ ಮುರಿಯಿತು, ಯಾರ ತಲೆ ಉರುಳಿತು ಅನ್ನೋದು ಅವಳಿಗೆ ಬೇಡ. ಅವಳಿಗೆ ಬೇಕಾಗಿದ್ದು ಅದಕ್ಕೂ ಮುಂಚಿನ ಭಾಗ. ಎರಡೂ ಕಡೆಯವರು ದೇಶದೇಶ ತಿರುಗಿ ಸೈನ್ಯ ಕೂಡಿಸಿದ್ದು. ಯಾರ ಮನೆಗೆ ಯಾರು ವೀಳ್ಯ ತಗೊಂಡು ಹೋದರು, ಯಾರು ಹೊಸಿಲಲ್ಲೇ ನಿಂತರು, ಯಾರು ಒಳಗೆ ಕೂತು ಉಂಡರು.

"ಕತ್ತಿ ಹಿಡಿಯೋದು ಕೊನೇ ಕೆಲಸ ಕಣೇ" ಅನ್ನೋಳು. "ಯಾರ ಮನೇಲಿ ಕೈ ತೊಳೆದರು ಅಂತ ನೋಡು. ಸೋಲು ಗೆಲುವು ಅಲ್ಲೇ ಮುಗಿದಿರುತ್ತೆ."

ಅದರಲ್ಲೂ ಒಂದು ಕಥೆ ಅವಳ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ಐವರಲ್ಲಿ ಕೊನೆಯ ಇಬ್ಬರ ಸೋದರಮಾವ ಒಬ್ಬ ರಾಜ. ಸೋದರಳಿಯಂದಿರ ಪರವಾಗಿ ಕಾದಾಡೋಣ ಅಂತ ದೊಡ್ಡ ಸೈನ್ಯ ಕಟ್ಟಿಕೊಂಡು ಹೊರಟ. ದಾರಿಯುದ್ದಕ್ಕೂ ಚಪ್ಪರ, ತಣ್ಣನೆ ನೀರು, ಹಬ್ಬದೂಟ, ಆನೆಗಳಿಗೆ ಕಬ್ಬು. ಅಳಿಯಂದಿರು ಎಷ್ಟು ಒಳ್ಳೆಯವರಪ್ಪಾ ಅಂತ ಹೊಟ್ಟೆ ತುಂಬ ಉಂಡ. ಉಂಡಾದ ಮೇಲೆ ಖುಷಿಯಲ್ಲಿ, ಇದನ್ನು ಮಾಡಿಸಿದವರು ಯಾರು, ಕರೀರಿ, ಕೇಳಿದ್ದು ಕೊಡ್ತೀನಿ ಅಂದ. ಪರದೆಯ ಹಿಂದಿನಿಂದ ಬಂದವನು ನೂರು ಜನರಲ್ಲಿ ಹಿರಿಯವನು. "ನಿಮ್ಮ ಸೈನ್ಯ ನನ್ನ ಕಡೆ ಇರಲಿ ಮಾವ" ಅಂದ. ಮಾತು ಕೊಟ್ಟಾಗಿತ್ತು. ಮುಗೀತು.

ಇಲ್ಲಿಗೆ ಅಜ್ಜಿ ನಿಲ್ಲಿಸಿ ನನ್ನ ಮುಖ ನೋಡೋಳು. "ಏನು ತಪ್ಪು ಮಾಡಿದ?"

"ಊಟ ಮಾಡಿದ."

"ಅಲ್ಲ. ಕೇಳಿದ. ಆದರೆ ಉಂಡಮೇಲೆ ಕೇಳಿದ."

ನಾನು ಓದಿದ್ದು ಕೋಲಾರದ ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಅಲ್ಲಿ ಸಿಸ್ಟರ್‌ಗಳು ಕಲಿಸಿದ ಟೇಬಲ್ ಮ್ಯಾನರ್ಸ್ ಇದಕ್ಕೆ ಪೂರ್ತಿ ಆಪೋಸಿಟ್. ಪ್ಲೇಟಿಗೆ ಏನು ಬಂತೋ ಅದನ್ನು ಪ್ರಶ್ನೆ ಮಾಡಬಾರದು, ಥ್ಯಾಂಕ್ಯೂ ಅನ್ನಬೇಕು, ಬೆನ್ನು ನೆಟ್ಟಗಿಟ್ಟುಕೊಂಡು ತಿನ್ನಬೇಕು. ರಜೆಗೆ ಊರಿಗೆ ಹೋದರೆ ಪಕ್ಕದ ಮನೆಯಿಂದ ಒಬ್ಬಟ್ಟು ಬಂದರೂ ಅಜ್ಜಿ ಅಡುಗೆಮನೆಯಿಂದಲೇ ತೆಲುಗಿನಲ್ಲಿ ಕೂಗೋಳು, "ಎವರು ಪಂಪಿಂಚಾರು?" ಯಾರು ಕಳಿಸಿದ್ದು ಅಂತ ಗೊತ್ತಾಗದೆ ತಟ್ಟೆ ಹೊಸಿಲು ದಾಟುತ್ತಿರಲಿಲ್ಲ. ನನಗೆ ನಾಚಿಕೆ. ಎಂಥ ಸಸ್ಪಿಶಸ್ ಮುದುಕಿ ಅಂದುಕೊಳ್ಳುತ್ತಿದ್ದೆ. ಈಗ ನನಗೇ ಎಪ್ಪತ್ತು ದಾಟಿದೆ. ಬೆನ್ನು ನೆಟ್ಟಗಿಡಲಿಕ್ಕಾಗುವುದಿಲ್ಲ. ಥ್ಯಾಂಕ್ಯೂ ಅನ್ನುವಷ್ಟು ಜನ ಬಂದು ಹೋಗುವುದೂ ಇಲ್ಲ. ಉಳಿದಿರುವುದು ಅಜ್ಜಿಯ ಪ್ರಶ್ನೆ ಒಂದೇ.

ಅದೇ ಪ್ರಶ್ನೆ ಹೋದ ವರ್ಷ ನನ್ನನ್ನು ಹಳ್ಳಕ್ಕೆ ಕೆಡವಿತು.

ನಮ್ಮೂರು ಶ್ರೀನಿವಾಸಪುರದಿಂದ ಆಚೆ, ಗೌನಿಪಲ್ಲಿ ದಾಟಿ ಒಂದೆರಡು ಮೈಲಿ. ಅಪ್ಪ ಹಾಕಿದ ಮಾವಿನ ತೋಪು ಮುಂದಿನ ಅರ್ಧ ಅಣ್ಣನಿಗೆ, ಹಿಂದಿನ ಅರ್ಧ ತಮ್ಮನಿಗೆ ಹೋಯಿತು. ಇಬ್ಬರೂ ಈಗಿಲ್ಲ. ಮುಂದಿನದು ಅಣ್ಣನ ಮಗನದು, ಹಿಂದಿನದು ತಮ್ಮನ ಮಗಳದು. ಹಿಂದಿನ ತೋಪಿಗೆ ಹೋಗಬೇಕಾದರೆ ಮುಂದಿನದರ ಮಧ್ಯೆ ಇರುವ ಬಂಡಿದಾರಿಯಲ್ಲೇ ಹೋಗಬೇಕು. ಅದು ನಕಾಶೆಯಲ್ಲಿ ಇಲ್ಲ. ಕಾಯಿ ಕೀಳಲು ಇನ್ನು ಹದಿನೈದು ದಿನ ಅನ್ನುವಾಗ ಅಣ್ಣನ ಮಗ ಆ ದಾರಿಗೆ ಅಡ್ಡಲಾಗಿ ಎರಡು ಕಲ್ಲುಕಂಬ ನೆಟ್ಟು ತಂತಿ ಎಳೆದ. ದಾರಿಯೇ ಇರಲಿಲ್ಲ, ಇಷ್ಟು ದಿನ ಸುಮ್ಮನೆ ಬಿಟ್ಟಿದ್ದೆ, ಅಂದ. ಟ್ರ್ಯಾಕ್ಟರ್ ಒಳಗೆ ಹೋಗದಿದ್ದರೆ ತಮ್ಮನ ಮಗಳ ಇಡೀ ವರ್ಷದ ಕಾಯಿ ಮರದ ಕೆಳಗೇ ಬಿದ್ದು ಕೊಳೆಯಬೇಕು.

ಊರ ಅರಳಿಕಟ್ಟೆಯಲ್ಲಿ ನ್ಯಾಯ ಅಂತ ಗೊತ್ತಾಯಿತು. ಅಲ್ಲಿಂದ ಶುರುವಾಯಿತು ನೋಡಿ ಸೈನ್ಯ ಕೂಡಿಸೋದು. ಅಣ್ಣನ ಮಗ ಎಲೆಅಡಿಕೆ ಹಿಡಿದು ಬೈಕಿನಲ್ಲಿ ತಾಲ್ಲೂಕು ತಾಲ್ಲೂಕೇ ತಿರುಗಿದ. ಮುಳಬಾಗಿಲಿನಿಂದ ಹೆಂಡತಿಯ ತೌರಿನವರು, ಬೈರಕೂರಿನಿಂದ ಷಡ್ಡಕ, ಮಾಲೂರಿನಿಂದ ಹೆಂಚಿನ ವ್ಯಾಪಾರದ ಒಬ್ಬ ದೊಡ್ಡ ಮೀಸೆಯವನು. ಅವನು ನಮಗೆ ಏನಾಗಬೇಕು ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಎರಡು ಟೆಂಪೋ ಜನ. ಅಜ್ಜಿ ಇದ್ದಿದ್ದರೆ ಹನ್ನೊಂದು ಅಕ್ಷೋಹಿಣಿ ಅನ್ನೋಳು. ತಮ್ಮನ ಮಗಳ ಕಡೆ ಬಾಯಿ ಬಿಡದ ಅವಳ ಗಂಡ, ಮತ್ತೆ ನಾನು.

ಅಜ್ಜಿಯ ಇನ್ನೊಂದು ಕಥೆಯಲ್ಲಿ ಎರಡೂ ಕಡೆಯಿಂದ ಒಬ್ಬೊಬ್ಬರು ನೆರವು ಕೇಳಲು ಒಂದೇ ಬೆಳಿಗ್ಗೆ ಬಂದು, ಮಲಗಿದ್ದವನ ತಲೆಯ ಹತ್ತಿರ ಒಬ್ಬ, ಕಾಲ ಹತ್ತಿರ ಒಬ್ಬ ಕೂರುತ್ತಾರೆ. ಲೈಫ್ ಅಷ್ಟು ನೀಟಾಗಿ ನಡೆಯುವುದಿಲ್ಲ. ಅಣ್ಣನ ಮಗ ಫೋನು ಮಾಡಿದ. "ಅತ್ತೇ, ನೀವು ಬರೋದೇ ಬೇಡ. ಈ ಬಿಸಿಲಲ್ಲಿ ಯಾಕೆ ಸುಮ್ನೆ ಸ್ಟ್ರೈನ್ ಮಾಡ್ಕೊತೀರಿ?" ಹತ್ತು ವರ್ಷದಿಂದ ನನ್ನ ಮಂಡಿನೋವು ವಿಚಾರಿಸದವನಿಗೆ ಈಗ ನನ್ನ ಮೇಲೆ ಬಿಸಿಲು ಬೀಳುವ ಚಿಂತೆ.

ಟೀಚರ್ ಕೆಲಸ ಮುಗಿಸಿ ನಾನು ಉಳಿದುಕೊಂಡಿರುವ ಕೋಲಾರದ ಮನೆಗೆ ತಮ್ಮನ ಮಗಳು ಮಾತ್ರ ತಾನೇ ಬಂದಳು. ಟೀಪಾಯ್ ಮೇಲೆ ಎಲೆಅಡಿಕೆ ಇಟ್ಟು, "ತಾತ ದಾರಿ ಬಿಟ್ಟಿದ್ದನ್ನ ಕಂಡೋರು ನೀವೊಬ್ರೇ ಉಳಿದಿರೋದು ಅತ್ತೆ. ಜಗಳ ಆಡಬೇಡಿ. ಬಂದು ಒಂದು ಮಾತು ಆಡಿ ಸಾಕು" ಅಂತ ಕಾಲು ಮುಟ್ಟಿದಳು. ಕಾಲು ಸ್ವಲ್ಪ ಹೆಚ್ಚು ಹೊತ್ತೇ ಹಿಡಿದುಕೊಂಡಳು ಅನ್ನಿಸಿತು. ಪ್ರೀತಿಯೋ, ಪ್ರಾಕ್ಟೀಸೋ? ನನ್ನ ಬುದ್ಧಿಯೇ ಹಾಗೆ. ಆದರೂ ಎಲೆ ತಗೊಂಡೆ.

ಹೋಗುವಾಗ ಬಾಗಿಲಲ್ಲಿ ನಿಂತು ನೆನಪು ಮಾಡಿದಳು. "ಅತ್ತೆ, ಊರಿನ ಪದ್ಧತಿ ಗೊತ್ತಲ್ಲ? ಸಾಕ್ಷಿ ಹೇಳೋರು ಮಾತು ಮುಗಿಯೋವರೆಗೂ ಎರಡು ಮನೆ ನೀರೂ ಮುಟ್ಟಬಾರದು."

"ನಂಗೇ ಹೇಳ್ಕೊಡ್ತೀಯೇನೇ?" ಅಂದೆ.

ಆ ದಿನ ಬೆಳಿಗ್ಗೆ ಬಸ್ಸಿನಲ್ಲಿ ಶ್ರೀನಿವಾಸಪುರಕ್ಕೆ ಹೋಗಿ ಇಳಿದೆ. ಮಾವಿನ ಸೀಸನ್ನು, ಬಸ್‌ಸ್ಟ್ಯಾಂಡಿನವರೆಗೂ ಹಣ್ಣಿನ ವಾಸನೆ. ಒಬ್ಬ ಆಟೋದವನು ನೇರವಾಗಿ ನನ್ನ ಹತ್ತಿರ ಬಂದ.

"ಅಮ್ಮಾ, ಕೋಲಾರದ ಟೀಚರಮ್ಮ ನೀವೇ ಅಲ್ವಾ? ಗಾಡಿ ಕಳಿಸಿದ್ದಾರೆ. ಟಿಫಿನ್ನೂ ಇದೆ, ಇಡ್ಲಿ."

ಮನಸ್ಸಿನಲ್ಲಿ ಚಪ್ಪರ ಕಾಣಿಸಿತು. ಆನೆಗಳಿಗೆ ಕಬ್ಬು ಕಾಣಿಸಿತು.

"ಯಾರಪ್ಪಾ ಕಳಿಸಿದ್ದು?"

"ತೋಪಿನ ಮನೆಯವರು."

"ಯಾವ ತೋಪು? ಮುಂದಿಂದೋ ಹಿಂದಿಂದೋ?"

"ಅದೆಲ್ಲ ನಂಗೇನು ಗೊತ್ತಮ್ಮಾ, ಫೋನ್ ಬಂತು, ಬಂದೆ."

"ಮಾತಾಡಿದ್ದು ಗಂಡಸೋ ಹೆಂಗಸೋ?"

"ಗಂಡಸ್ರು."

ಅಷ್ಟು ಸಾಕಾಯಿತು ನನಗೆ. ತಮ್ಮನ ಮಗಳಿಗೆ ಫೋನು ಹಚ್ಚಿದೆ, ನಾಟ್ ರೀಚಬಲ್. "ನಿನ್ನ ಇಡ್ಲಿ ನೀನೇ ತಿನ್ನಪ್ಪಾ" ಅಂತ ಹೇಳಿ ಗೌನಿಪಲ್ಲಿ ಬಸ್ಸು ಹತ್ತಿದೆ. ಅವನು ಕಿಟಕಿಯ ಹತ್ತಿರ ಬಂದು ಇನ್ನೊಂದು ಸಲ ಪೊಟ್ಟಣ ಎತ್ತಿ ತೋರಿಸಿದ. ನಾನು ಮುಖ ಆ ಕಡೆ ತಿರುಗಿಸಿದೆ. ಅಜ್ಜಿ ನೋಡಿದ್ದರೆ ಮೆಚ್ಚೋಳು ಅಂತ ಒಂದು ಜಂಬ ಬೇರೆ.

ಗೌನಿಪಲ್ಲಿಯಲ್ಲಿ ಇಳಿದರೆ ಶೇರ್ ಆಟೋ ಇಲ್ಲ. ಎರಡು ಮೈಲಿ ನಡೆದೆ. ನನಗೆ ಶುಗರ್ ಇದೆ. ಬೆಳಿಗ್ಗೆ ಮಾತ್ರೆ ನುಂಗಿ, ಬಸ್ಸಿನ ಅವಸರದಲ್ಲಿ ಬರೀ ಒಂದು ಬಿಸ್ಕತ್ತು ತಿಂದು ಹೊರಟವಳು, ಹಟದಲ್ಲಿ ದಾರಿಯಲ್ಲೂ ಏನೂ ಮುಟ್ಟಿರಲಿಲ್ಲ. ಊರ ಬಾಗಿಲಿಗೆ ಬರುವ ಹೊತ್ತಿಗೆ ಕಣ್ಣ ಮುಂದೆ ಸಣ್ಣ ಸಣ್ಣ ಚುಕ್ಕಿ. ಹುಣಸೆಮರದ ಕೆಳಗೆ ಕಲ್ಲಿನ ಮೇಲೆ ಕೂತುಬಿಟ್ಟೆ. ಯಾರದೋ ಕೈ ನನ್ನ ಬಾಯಿಯ ಹತ್ತಿರ ಲೋಟ ಹಿಡಿಯಿತು. "ಕುಡೀರಿ, ಮೊದಲು ಕುಡೀರಿ." ಉಪ್ಪು, ಕೊತ್ತಂಬರಿ ಹಾಕಿದ ಮಜ್ಜಿಗೆ. ಇನ್ನೊಂದು ಕೈ ಬೆಲ್ಲದ ಚೂರು ಬಾಯಿಗೆ ಇಟ್ಟಿತು. ಗಟಗಟ ಕುಡಿದೆ. ಲೋಟ ಖಾಲಿಯಾದ ಮೇಲೆ ತಲೆ ಎತ್ತಿ ನೋಡಿದೆ.

ಅಣ್ಣನ ಸೊಸೆ.

ಅವಳ ಹಿಂದೆ, ಮುಳಬಾಗಿಲಿನ ಟೆಂಪೋದಿಂದ ಇಳಿಯುತ್ತಿದ್ದ ಅಷ್ಟೂ ಜನ ನೋಡುತ್ತಾ ನಿಂತಿದ್ದರು. ಆ ಕಡೆಯಿಂದ ತಮ್ಮನ ಮಗಳು ಓಡಿ ಬಂದವಳು ಲೋಟ ನೋಡಿ ಹಾಗೇ ನಿಂತಳು.

"ಆಟೋದಲ್ಲಿ ಬರಲಿಲ್ವಾ ಅತ್ತೆ?"

"ಯಾವ ಆಟೋ?"

"ನಾನು ಕಳಿಸಿದ್ದು. ನಮ್ಮ ಯಜಮಾನ್ರ ಕೈಲಿ ಫೋನ್ ಮಾಡಿಸಿದ್ದೆ. ನಿಮಗೆ ಶುಗರ್ ಅಂತ ಹೋಟೆಲಿನ ಇಡ್ಲಿ ಕಟ್ಟಿಸಿದ್ದೆ, ನಮ್ಮನೇದು ಮುಟ್ಟೋ ಹಾಗಿಲ್ಲವಲ್ಲ." ಅವಳ ಧ್ವನಿ ಇಳಿಯಿತು. "ಅದನ್ನ ಬೇಡ ಅಂದು, ಇದನ್ನ ಕುಡಿದ್ರಾ?"

ಉಣ್ಣುವ ಮೊದಲು ಕೇಳಿದ್ದೆ, ಉತ್ತರ ಸಿಗುವ ಮೊದಲೇ ತೀರ್ಮಾನ ಮಾಡಿದ್ದೆ. ಕೇಳಲೇಬೇಕಾದ ಕಡೆ ಕೇಳುವುದಕ್ಕೆ ತ್ರಾಣವಿರಲಿಲ್ಲ.

ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು. ನನ್ನ ಸರದಿ ಬಂದಾಗ ಅಣ್ಣನ ಮಗ ಎದ್ದು ನಿಂತ. ನಗುನಗುತ್ತಲೇ ಅಂದ, "ಅತ್ತೆ ನಮ್ಮನೆ ಮಜ್ಜಿಗೆ ಕುಡಿದಿದಾರೆ. ಊರೆಲ್ಲ ನೋಡಿದೆ. ನಮ್ಮ ಕಡೆ ಮಾತಾಡೋದಾದ್ರೆ ಆಡಲಿ. ಇಲ್ದಿದ್ರೆ ಪದ್ಧತಿ ಪ್ರಕಾರ ಸಾಕ್ಷಿ ಕೆಟ್ಟಂಗೇ."

ಮಾಲೂರಿನ ಮೀಸೆಯವನು "ಕರೆಕ್ಟು, ಕರೆಕ್ಟು" ಅಂದ.

ಹಿರಿಯರು ಮುಖ ಮುಖ ನೋಡಿಕೊಂಡರು. ಒಬ್ಬರು ಕೇಳಿದರು, "ಹೌದೇನಮ್ಮಾ? ಕುಡಿದ್ರಾ?"

"ಕುಡಿದೆ."

ತಮ್ಮನ ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಒಂದು ವರ್ಷದ ಬೆಳೆ ನನ್ನ ಹೊಟ್ಟೆಯಲ್ಲಿ ಮಜ್ಜಿಗೆಯಾಗಿ ಕೂತಿತ್ತು. ಆ ರಾಜನಿಗೂ ಪರದೆ ಸರಿದಾಗ ಹೀಗೇ ಆಗಿರಬೇಕು, ಬಾಯಲ್ಲಿ ಇನ್ನೂ ರುಚಿ ಇದೆ, ಸೈನ್ಯ ಆಗಲೇ ಕೈಬಿಟ್ಟಿದೆ. ಉಂಡ ಋಣಕ್ಕೆ ಅವನು ಮಾತು ಕೊಟ್ಟ. ಕೊಡಲೇಬೇಕಿತ್ತಾ ಅಂತ ಅಜ್ಜಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಹಾಗಾದ್ರೆ ನನ್ನ ಮಾತು ನಂಬಬೇಡಿ" ಅಂದೆ. "ನಾನಾಗಿದ್ರೂ ನಂಬ್ತಿರಲಿಲ್ಲ. ಒಂದು ಹಗ್ಗ ತಗೊಂಡು ತೋಪಿಗೆ ಹೋಗಿ. ಸಾಲು ಸಾಲಿನ ಮಧ್ಯೆ ಅಳೀರಿ. ನಾಲ್ಕನೇ ಸಾಲಿಗೂ ಐದನೇದಕ್ಕೂ ಮಧ್ಯೆ ಎಷ್ಟಿದೆ ನೋಡ್ಕೊಂಡು ಬನ್ನಿ."

ಅಪ್ಪ ಸಸಿ ನೆಡಲು ಗುಣಿ ತೆಗೆಸಿದ್ದು ನನ್ನ ಕಾನ್ವೆಂಟಿನ ಬೇಸಿಗೆ ರಜೆಯಲ್ಲಿ. ಅಳತೆಯ ಹಗ್ಗದ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನಾಲ್ಕನೇ ಸಾಲು ಮುಗಿದ ಮೇಲೆ, "ಇನ್ನೂ ಹಿಂದಕ್ಕೆ ಹೋಗಮ್ಮಾ, ಇನ್ನೂ. ಹಿಂದಿನ ಹೊಲಕ್ಕೆ ಬಂಡಿ ಹೋಗಬೇಕಲ್ಲ" ಅಂದಿದ್ದ. ಹಿಂದಕ್ಕೆ ಹಿಂದಕ್ಕೆ ಹೋಗಿ ಕತ್ತಾಳೆ ಪೊದೆಗೆ ಒರಗಿ, ಮುಳ್ಳು ಚುಚ್ಚಿ ಜೋರಾಗಿ ಅತ್ತಿದ್ದೆ. ಅಪ್ಪನ ಎಷ್ಟೋ ಮಾತು ಮರೆತಿದ್ದೇನೆ. ಅದೊಂದು ಮುಳ್ಳಿನ ಜೊತೆ ಉಳಿದಿದೆ.

ಹಿರಿಯರು ಹೋದರು, ಹಿಂದೆ ಊರೇ ಹೋಯಿತು. ಉಳಿದ ಸಾಲುಗಳೆಲ್ಲ ಒಂದೇ ಅಳತೆ. ನಾಲ್ಕು ಐದರ ಮಧ್ಯೆ ಮಾತ್ರ ದೊಡ್ಡ ಎರಡು ಹೆಜ್ಜೆ ಹೆಚ್ಚು.

"ಅಲ್ಲಿ ಬಂಡೆ ಇತ್ತು, ಅದಕ್ಕೆ ಬಿಟ್ಟಿದ್ದು" ಅಂದ ಅಣ್ಣನ ಮಗ.

ಹಿರಿಯರಲ್ಲಿ ಒಬ್ಬರು ಹಗ್ಗ ಸುತ್ತುತ್ತಾ ಕೇಳಿದರು, "ಬಂಡೆ ಏನ್ಲಾ, ಈ ತುದಿಯಿಂದ ಆ ತುದಿವರೆಗೂ ರೈಲಿನಂಗೆ ಮಲಗಿತ್ತಾ?"

ಅವನ ಷಡ್ಡಕನೇ ಮೊದಲು ನಕ್ಕ. ಸೈನ್ಯ ಅಂದರೆ ಅಷ್ಟೇ, ಉಂಡಷ್ಟು ಹೊತ್ತು. ಕಂಬ ಕೀಳಬೇಕು, ದಾರಿ ದಾರಿಯಾಗೇ ಇರಬೇಕು ಅಂತ ಹಿರಿಯರ ಮಾತಾಯಿತು. ಎರಡೂ ಕಂಬವನ್ನು ಅವನೇ ಕಿತ್ತ. ಯಾರನ್ನೂ ಕರೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಖಾಲಿ ಲೋಟ ಹಿಂದಕ್ಕೆ ಕೊಡಲು ಹೋದಾಗ ಅಣ್ಣನ ಸೊಸೆ ಅಂಗಳದಲ್ಲೇ ಸಿಕ್ಕಳು. "ಒಂದು ಮಾತು ಕೇಳ್ತೀನಿ, ನಿಜ ಹೇಳು. ಗಂಡ ಹೇಳಿ ಕೊಡಿಸಿದ್ನಾ?"

ಅವಳು ಲೋಟ ಇಸಕೊಂಡಳು. "ನೀವು ಬೀಳ್ತಾ ಇದ್ರಿ" ಅಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಅದು ಉತ್ತರವೋ ಅಲ್ಲವೋ, ಇಷ್ಟು ದಿನವಾದರೂ ನನಗೆ ತೀರ್ಮಾನವಾಗಿಲ್ಲ.

ತಮ್ಮನ ಮಗಳ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ತಟ್ಟೆ ನನ್ನ ಮುಂದೆ ತಳ್ಳಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಯಾಕತ್ತೆ, ಯಾರು ಕಳಿಸಿದ್ದು ಅಂತ ಕೇಳಲ್ವಾ?"

"ತಪ್ಪಾಯ್ತು ಕಣೇ" ಅಂದೆ. ಕಾನ್ವೆಂಟಿನಲ್ಲಿ ಕಲಿತ ಸಾರಿ ಅಷ್ಟು ಬಿಸಿ ಮುದ್ದೆಯ ಮುಂದೆ ಬಾಯಿಗೆ ಬರಲಿಲ್ಲ. ಅವಳು ಇನ್ನೊಂದು ಸೌಟು ಸಾರು ಸುರಿದಳು. ಸ್ವಲ್ಪ ಜೋರಾಗೇ ಸುರಿದಳು.

ನಾಲ್ಕು ಗಂಟೆಗೆ ಹೊರಟೆ. ಹುಣಸೆಮರದ ಕೆಳಗೆ ಒಂದು ಆಟೋ ನಿಂತಿತ್ತು. ಪಕ್ಕದಲ್ಲಿ ಅಣ್ಣನ ಮಗ, ಕೈ ತುಂಬ ಕಂಬದ ಮಣ್ಣು.

"ಹತ್ತಿ ಅತ್ತೆ. ಬಸ್‌ಸ್ಟ್ಯಾಂಡಿಗೆ ಬಿಡ್ತಾನೆ." ಆಮೇಲೆ ನೆಲ ನೋಡಿಕೊಂಡು, "ನಾನೇ ಕಳಿಸ್ತಿರೋದು. ಕೇಳೋ ಮೊದಲೇ ಹೇಳ್ಬಿಡ್ತೀನಿ."

ಹತ್ತಿದೆ. ಬ್ಯಾಗನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು, ಗಾಡಿ ಯಾವ ಕಡೆ ತಿರುಗುತ್ತದೆ ಅಂತ ಡ್ರೈವರಿನ ಹೆಗಲ ಮೇಲಿಂದ ನೋಡುತ್ತಲೇ ಕೂತೆ. ಹಿಂದಿನ ತೋಪಿನ ಕಡೆ ಹೊರಟ ಖಾಲಿ ಟ್ರ್ಯಾಕ್ಟರೊಂದು ಎದುರಿನಿಂದ ಬಂತು, ಇಂಜಿನ್ನಿನ ಪಕ್ಕ ತಮ್ಮನ ಮಗಳ ಗಂಡ, ಅವತ್ತೂ ಬಾಯಿ ಬಿಡದೆ, ಬರೀ ಕೈ ಎತ್ತಿದ. ಗೌನಿಪಲ್ಲಿಯ ರಸ್ತೆ ಬಂದು, ಗಾಡಿ ಬಸ್ಸು ನಿಲ್ಲುವ ಕಡೆಗೇ ತಿರುಗಿದ ಮೇಲೆ ಬೆನ್ನನ್ನು ಸೀಟಿಗೆ ಒರಗಿಸಿದೆ.