ಶುಕ್ರವಾರ ತೆರೆದ ಜೇನುಪೆಟ್ಟಿಗೆ

ಶುಕ್ರವಾರದ ಪೂಜೆಗೆಂದು ಹುಣಸೆಹಣ್ಣು ಹಚ್ಚಿ ದೀಪಗಳನ್ನು ಬೆಳಗುತ್ತಿದ್ದೆ. ಹಿತ್ತಿಲಿನಿಂದ ಯಜಮಾನರ ದನಿ ಬಂತು.

"ಪೆಟ್ಗೆ ಬಾಗ್ಲು ಯಾರಮ್ಮಿ ತೆಗ್ದೋರು? ಜೇನೆಲ್ಲ ಉದುರೋಗವೆ."

ನಮ್ಮದು ದೇವಲಾಪುರದ ಕಡೆಯ ಒಣಬೇಸಾಯದ ಊರು. ಹೊಂಗೆಮರದಡಿ ಒಂದೇ ಒಂದು ಜೇನುಪೆಟ್ಟಿಗೆ ಇಟ್ಟಿದ್ದೇವೆ. ಪಕ್ಕದ ಹೊಲದವರು ಅವರೆ ಬೆಳೆಗೆ ಹುಳುವಿನ ಔಷಧಿ ಹೊಡೆಯುವ ಮುನ್ನಾದಿನ ಬಂದು ಹೇಳಿಹೋಗುತ್ತಾರೆ. ಈ ಸಲವೂ ಹೇಳಿದ್ದರು. ಹಿಂದಿನ ಸಂಜೆ ಜೇನು ಗೂಡು ಸೇರಿದ ಮೇಲೆ ಯಜಮಾನರು ಪೆಟ್ಟಿಗೆಯ ಬಾಯಿಗೆ ಜಾಲರಿ ಕಟ್ಟಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದರು.

ಬಿಚ್ಚಿದವರು ನಮ್ಮತ್ತೆ.

"ನಾನೇ ಕಣಪ್ಪ. ಸುಕ್ರವಾರ ಒತ್ತಾರೆ ಬಾಗ್ಲಾಕ್ಕೊಂಡಿದ್ರೆ ಲಕ್ಸ್ಮಿ ಬತ್ತಾಳಾ? ಮನೆ ಬಾಗ್ಲು, ಕೊಟ್ಗೆ ಬಾಗ್ಲು ತೆಗ್ದಂಗೆ ಅದ್ನೂ ತೆಗ್ದೆ."

"ಲಕ್ಸ್ಮಿಗಿಂತ ಮುಂಚೆ ಔಸ್ದಿ ಬಂತು ಬುಡವ್ವ," ಎಂದರು ಯಜಮಾನರು. ಅತ್ತೆ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟರು.

ಸತ್ತವನ್ನು ನಾನು ಮೊರಕ್ಕೆ ಬಳಿದುಕೊಂಡೆ. ಅವುಗಳ ಕಾಲುಗಳಲ್ಲಿ ಹೂವಿನ ಪುಡಿ ಹಾಗೇ ಅಂಟಿತ್ತು. ಹೊರಗೆ ದುಡಿಯಲು ಹೋಗುವವು ವಯಸ್ಸಾದ ಜೇನುಗಳು. ಎಳೆಯವು ಒಳಗಿದ್ದು ಮರಿಗಳಿಗೆ ಉಣಿಸುತ್ತವೆ. ಹಿರಿಯವು ತಂದ ಹೂವಿನ ರಸವನ್ನು ಬಾಯಿಂದ ಬಾಯಿಗೆ ಇಸಿದುಕೊಂಡು, ರೆಕ್ಕೆ ಬೀಸಿ ಅದರ ನೀರಾರಿಸಿ, ಜೇನುತುಪ್ಪವಾದ ಮೇಲೆ ಮೇಣದಿಂದ ಮುಚ್ಚುತ್ತವೆ. ಮೊಟ್ಟೆಯಿಡುವ ರಾಣಿ ಹೊಲಕ್ಕೆ ಹೋಗುವುದಿಲ್ಲ, ನಿಜ. ಆದರೆ ಮರಳಿ ಬಂದವು ವಿಷವನ್ನು ಒಳಗೆ ತಂದಿದ್ದರೆ? ರಾಣಿ ಹೋದರೆ ಗೂಡೇ ಹೋದ ಹಾಗೆ.

ಯಜಮಾನರು ಪೆಟ್ಟಿಗೆಯಿಂದ ಒಂದೊಂದೇ ಎರಿಯ ಚೌಕಟ್ಟು ಎತ್ತಿ ನೋಡಿದರು. ನಾನು ಮನೆದೇವರ ಹೆಸರು ಹೇಳುತ್ತಾ ನಿಂತಿದ್ದೆ. ಕಡೆಯ ಚೌಕಟ್ಟಿಗೆ ಕೈ ಹಾಕುವಾಗ ಅವರು ನಮ್ಮ ಕಡೆ ತಿರುಗಲೇ ಇಲ್ಲ. ಆಮೇಲೆ ಮೆಲ್ಲಗೆ, "ಅವ್ಳೆ ಕಣಮ್ಮಿ," ಎಂದರು.

ಬಗ್ಗಿ ನೋಡಿದೆ. ಉದ್ದ ಹೊಟ್ಟೆಯ ರಾಣಿ ನಿಧಾನವಾಗಿ ನಡೆಯುತ್ತಿದ್ದಳು. ಸುತ್ತ ಎಳೆಯ ಜೇನುಗಳು ಅವಳಿಗೆ ಮುಖಕೊಟ್ಟು ನಿಂತಿದ್ದವು. ಅಷ್ಟನ್ನು ಉಳಿಸಿಕೊಟ್ಟನಲ್ಲ ದೇವರು ಎಂದು ಕೈಮುಗಿದೆ.

"ಇನ್ಮೇಕೆ ಈ ಎಳೇವೇ ಆಚಿಕ್ಕೆ ದುಡಿಯಾಕ್ಕೋಗ್ಬೇಕಾ?" ಅತ್ತೆ ಕೇಳಿದರು.

"ಊಂ ಕಣವ್ವ. ಅಲ್ಲೀಗಂಟ ಸಕ್ರೆ ನೀರು ಮಡಗ್ಬೇಕು."

ಅತ್ತೆ ಎದ್ದು ತಾವೇ ಸಕ್ಕರೆ ಡಬ್ಬಿ ತಂದರು. ಪ್ರತಿವರ್ಷ ದೇವಸ್ಥಾನದ ಪಂಚಾಮೃತಕ್ಕೆ ನಮ್ಮ ಗೂಡಿನ ತುಪ್ಪ ಹೋಗುತ್ತಿತ್ತು. ಈ ಸಲ ಅದನ್ನು ಅವಕ್ಕೇ ಬಿಡುವುದೆಂದು ಅವರೇ ಹೇಳಿದರು. ದೇವರು ಬೇಸರಪಡಲಾರನೆಂದು ನನಗೂ ಅನ್ನಿಸಿತು.

ಒಳಗೆ ಬಂದೆ. ಮುದ್ದೆಗಿಟ್ಟ ಎಸರು ಅರ್ಧಕ್ಕೆ ಬತ್ತಿತ್ತು. ಇನ್ನೊಂದು ಚೊಂಬು ನೀರು ಸುರಿದು, ರಾಗಿಹಿಟ್ಟು ಜರಡಿ ಹಿಡಿಯಲು ಕುಳಿತೆ.